ಹತ್ತು ಮೀಟರ್ ಎತ್ತರದ ಗುಡ್ಡ

ಮೈಸೂರಿನವರಿಗೆ ಬೆಟ್ಟ ಅಂದರೆ ಒಂದೇ. ಕೃಷ್ಣಮೂರ್ತಿಪುರಂನ ನಮ್ಮ ಬಾಡಿಗೆ ಮನೆಯ ಮಹಡಿ ಮೇಲೆ ಬಟ್ಟೆ ಒಣಹಾಕಲು ಹೋದರೆ ಎದುರಿಗೇ ಚಾಮುಂಡಿ. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಎತ್ತರ, ಹತ್ತಲು ಸಾವಿರ ಮೆಟ್ಟಿಲು, ಕಲ್ಲಿನ ವಯಸ್ಸು ಸುಮಾರು 80 ಕೋಟಿ ವರ್ಷ. ಇಂಥದ್ದನ್ನು ದಿನಾ ನೋಡಿ ಬೆಳೆದವಳಿಗೆ ಬರೀ ಹತ್ತು ಮೀಟರ್ ಎತ್ತರದ ಒಂದು ದಿಬ್ಬವನ್ನು ‘ಗುಡ್ಡ’ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಆದರೂ ಅದನ್ನು ನೋಡಬೇಕೆಂದು ಮೂರು ವರ್ಷದಿಂದ ಆಸೆ ಇಟ್ಟುಕೊಂಡಿದ್ದೆ. ಅದು ಇರುವುದು ಉಡುಪಿಯ ಮಲ್ಪೆಯಿಂದ ಕೆಲವು ಕಿಲೊಮೀಟರ್ ದೂರದ ಸಮುದ್ರದಲ್ಲಿ, ಸೇಂಟ್ ಮೇರೀಸ್ ದ್ವೀಪದಲ್ಲಿ.

ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಎಂ.ಎಸ್ಸಿ ಓದುವಾಗ ನಮ್ಮ ಬ್ಯಾಚ್ ಆ ದ್ವೀಪಕ್ಕೆ ಫೀಲ್ಡ್ ಟ್ರಿಪ್ ಹೋಗಿತ್ತು. ಆ ವಾರ ನಾನು ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದೆ. ಗೆಳತಿಯರು ಕಳಿಸಿದ ಫೋಟೊಗಳನ್ನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ನೋಡಿದ್ದೆ. ಅಪ್ಪ ಆ ವರ್ಷವೇ ತೀರಿಕೊಂಡರು. ಫೀಲ್ಡ್ ರಿಪೋರ್ಟನ್ನು ಗೆಳತಿಯ ನೋಟ್ಸ್ ನೋಡಿ ಬರೆದೆ, ಮಾರ್ಕ್ಸೂ ಬಂತು. ಕಂಡಿಲ್ಲದ ಕಲ್ಲಿನ ಬಗ್ಗೆ ಹನ್ನೆರಡು ಪುಟ ಬರೆದದ್ದು ಮಾತ್ರ ಒಳಗೇ ಎಲ್ಲೋ ಉಳಿದುಕೊಂಡಿತ್ತು.

ಈ ವರ್ಷ ಮಾರ್ಚ್‌ನಲ್ಲಿ ಆ ಕಡೆಯ ಒಂದು ಖಾಸಗಿ ಪಿಯು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಭೂಗೋಳ ಉಪನ್ಯಾಸಕರ ಹುದ್ದೆ. ನಾನು ಓದಿದ್ದು ಭೂವಿಜ್ಞಾನ, ಅವರಿಗೆ ಬೇಕಾದ್ದು ಭೂಗೋಳ. ‘ಭೂಮಿ ಒಂದೇ ತಾನೇ, ಹೋಗಿ ಬಾ’ ಅಂದಳು ಅಮ್ಮ. ಸೀರೆಗೆ ಫಾಲ್ ಹಾಕಿ, ಬ್ಲೌಸ್ ಹೊಲಿದು ಮನೆ ನಡೆಸುವ ಅಮ್ಮನಿಗೆ ಈ ವ್ಯತ್ಯಾಸವನ್ನೆಲ್ಲ ವಿವರಿಸುತ್ತಾ ಕೂರಲು ಆಗುವುದಿಲ್ಲ. ತಮ್ಮ ದ್ವಿತೀಯ ಪಿಯು. ಮನೆಗೆ ಬರುವ ಏಳು ಮಕ್ಕಳ ಟ್ಯೂಷನ್ ದುಡ್ಡು ನನ್ನ ಪಾಲಿನ ಸಂಪಾದನೆ. ರಾತ್ರಿ ಬಸ್ ಹತ್ತಿದೆ.

ಸಂದರ್ಶನ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಲಿಲ್ಲ. ಡೆಮೊ ಕ್ಲಾಸ್ ತೆಗೆದುಕೊಳ್ಳಿ ಅಂದರು. ಮುಂದೆ ವಿದ್ಯಾರ್ಥಿಗಳಿಲ್ಲ, ಮೂರು ಜನ ದೊಡ್ಡವರು ಮತ್ತು ಖಾಲಿ ಬೆಂಚುಗಳು. ಮಾನ್ಸೂನ್ ಮಾರುತಗಳ ಬಗ್ಗೆ ಮಾತಾಡಿದೆ. ಒಬ್ಬರು ತಲೆಯಾಡಿಸಿದರು, ಒಬ್ಬರು ಮೊಬೈಲ್ ನೋಡುತ್ತಿದ್ದರು. ಆಮೇಲೆ ಷರತ್ತು ಹೇಳಿದರು. ಸಂಬಳ 14 ಸಾವಿರ. ಎರಡು ವರ್ಷ ಬಿಡುವಂತಿಲ್ಲ. ಅಲ್ಲಿಯವರೆಗೆ ಮೂಲ ಅಂಕಪಟ್ಟಿಗಳು ಕಾಲೇಜಿನ ಕಚೇರಿಯಲ್ಲಿ ಇರಬೇಕು. ‘ಸೋಮವಾರದೊಳಗೆ ತಿಳಿಸಿ. ಬೇರೆಯವರೂ ಇದ್ದಾರೆ.’

ಇದನ್ನು ಓದುತ್ತಿರುವ ಉದ್ಯೋಗಾಕಾಂಕ್ಷಿಗಳಲ್ಲಿ ಎಷ್ಟು ಜನ ಈ ವಾಕ್ಯ ಕೇಳಿದ್ದೀರೋ! ಒರಿಜಿನಲ್ಸ್ ಕೊಟ್ಟುಬಿಟ್ಟರೆ ನಾಳೆ ಬೇರೆ ಕಡೆ ದಾಖಲೆ ಪರಿಶೀಲನೆಗೆ ಕರೆದಾಗ ಏನು ತೋರಿಸುವುದು? ಫೆಬ್ರುವರಿಯಲ್ಲಿ ಯುಪಿಎಸ್‌ಸಿಯ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆಯ ಪ್ರಿಲಿಮ್ಸ್ ಬರೆದು ಬಂದಿದ್ದೆ. ಫಲಿತಾಂಶ ಇನ್ನೂ ಬಂದಿರಲಿಲ್ಲ. ಕೈಯಲ್ಲಿ ಇಲ್ಲದ ಫಲಿತಾಂಶಕ್ಕಾಗಿ ಕೈಗೆ ಬಂದ 14 ಸಾವಿರ ಬಿಡುವುದೇ? ಗೇಟಿನ ಹೊರಗೆ ನಿಂತಾಗ ಗಂಟೆ ಹನ್ನೊಂದೂ ಆಗಿರಲಿಲ್ಲ. ಮೈಸೂರಿನ ಬಸ್ ಇದ್ದದ್ದು ರಾತ್ರಿಗೆ. ಉಡುಪಿಗೆ ಬಂದು ಮಲ್ಪೆಯ ಸಿಟಿ ಬಸ್ ಹತ್ತಿದೆ.

ಮಲ್ಪೆ ಬಂದರಿನಲ್ಲಿ ಮೊದಲು ಸ್ವಾಗತಿಸುವುದು ಮೀನಿನ ವಾಸನೆ. ಆಮೇಲೆ ಸಾಲುಸಾಲಾಗಿ ನಿಂತ ಟ್ರಾಲ್ ದೋಣಿಗಳು, ಐಸ್ ತುಂಬುವ ಸದ್ದು, ತುಳುವಿನಲ್ಲಿ ಕೂಗಾಟ. ದ್ವೀಪಕ್ಕೆ ಹೋಗುವ ದೋಣಿ ಸಾಕಷ್ಟು ಜನ ಸೇರಿದ ಮೇಲೇ ಹೊರಡುವುದು. ಒಬ್ಬಳೇ ಹೋದವರು ತಾಳ್ಮೆ ತೆಗೆದುಕೊಂಡು ಹೋಗಬೇಕು. ಮುಕ್ಕಾಲು ಗಂಟೆ ಕಾದೆ. ಹುಬ್ಬಳ್ಳಿ ಕಡೆಯ ಒಂದು ದೊಡ್ಡ ಕುಟುಂಬ ಬಂತು, ಹೊಸದಾಗಿ ಮದುವೆಯಾದ ಒಂದು ಜೋಡಿ, ಕೊನೆಗೆ ತುಮಕೂರಿನ ಕಡೆಯವರೆಂದು ಹೇಳಿಕೊಂಡ ನಾಲ್ವರು ಕಾಲೇಜು ಹುಡುಗರು. ದೋಣಿ ತುಂಬಿತು.

ನನ್ನ ತೊಡೆಯ ಮೇಲೆ ಫೈಲು. ಎಸ್ಸೆಸ್ಸೆಲ್ಸಿಯಿಂದ ಎಂ.ಎಸ್ಸಿವರೆಗಿನ ಮೂಲ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಎಲ್ಲವೂ ಅದರಲ್ಲೇ. ಕಾಲೇಜಿನ ಕಚೇರಿಯಲ್ಲಿ ಇಡಲು ಹೆದರಿದವಳು ಅರಬ್ಬಿ ಸಮುದ್ರದ ಮೇಲೆ ಅದನ್ನೇ ಹಿಡಿದುಕೊಂಡು ಕೂತಿದ್ದೆ. ಅಲೆಯ ಹನಿ ಸಿಡಿದಾಗಲೆಲ್ಲ ಫೈಲನ್ನು ದುಪಟ್ಟಾದೊಳಗೆ ಎಳೆದುಕೊಳ್ಳುವುದನ್ನು ನೋಡಿ ದೋಣಿಯ ಹುಡುಗ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಕೊಟ್ಟ. ‘ಮೀನು ಹಾಕಿದ್ದಲ್ಲ ಅಕ್ಕಾ, ಹೊಸತು’ ಎಂದು ನಕ್ಕ. ಅವನು ಹೈಸ್ಕೂಲಿನಲ್ಲೇ ಓದು ಬಿಟ್ಟವನಂತೆ. ಆ ಫೈಲಿನಲ್ಲಿ ಏನಿದೆ ಎಂದು ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು.

ಅರ್ಧ ಗಂಟೆಯೊಳಗೆ ತೆಂಗಿನ ತಲೆಗಳು ಕಂಡವು. ಸೇಂಟ್ ಮೇರೀಸ್ ಅಂದರೆ ಒಂದೇ ದ್ವೀಪವಲ್ಲ. ಉತ್ತರ-ದಕ್ಷಿಣವಾಗಿ ಸಾಲಾಗಿ ನಿಂತ ನಾಲ್ಕು ಮುಖ್ಯ ದ್ವೀಪಗಳು. ದರಿಯಾ ಬಹದ್ದೂರ್‌ಗಡ ಎಂಬ ಹೆಸರಿನ ದ್ವೀಪದಲ್ಲಿ ಕೆಳದಿ ಅರಸರ ಕಾಲದ ಕೋಟೆಯ ಅವಶೇಷವಿದೆ. ಪ್ರವಾಸಿಗರನ್ನು ಕರೆದೊಯ್ಯುವುದು ತೆಂಗಿನ ದ್ವೀಪಕ್ಕೆ. ಸುತ್ತಮುತ್ತಲಿನ ತುಳುವರು ಇದನ್ನು ತೋನ್ಸೆಪಾರ್ ಅನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿ ಮಾತೆಯ ಹೆಸರಿಟ್ಟ ಎಂಬುದು ಎಲ್ಲರೂ ಹೇಳುವ ಕಥೆ. ಅರ್ಧ ಕಿಲೊಮೀಟರಿನಷ್ಟು ಉದ್ದ, ನೂರು ಮೀಟರಿನಷ್ಟು ಅಗಲ. ನಮ್ಮ ಶಾರದಾ ವಿಲಾಸ ಕಾಲೇಜಿನ ಮುಂದಿನಿಂದ ನಂಜುಮಳಿಗೆ ವೃತ್ತದ ಕಡೆಗೆ ಮಾತಾಡುತ್ತಾ ನಡೆದರೆ ಎಷ್ಟಾಗುತ್ತದೋ ಅಷ್ಟು. ಜನವಸತಿ ಇಲ್ಲ, ರಾತ್ರಿ ಉಳಿಯುವಂತಿಲ್ಲ. ಕಾಲಿಟ್ಟಲ್ಲಿ ಮರಳಿಗಿಂತ ಚಿಪ್ಪುಗಳೇ ಜಾಸ್ತಿ, ಚಪ್ಪಲಿಯ ಕೆಳಗೆ ಕರಕರ ಎನ್ನುತ್ತವೆ.

ಮರಗಳ ಸಾಲು ದಾಟಿ ಪಶ್ಚಿಮದ ಕಡೆಗೆ ತಿರುಗಿದೆ. ಕಂಬಗಳು ಅಲ್ಲಿದ್ದವು.

ಫೋಟೊದಲ್ಲಿ ನೋಡಿದವರಿಗೆ ಇವು ಶಿಲ್ಪಿಗಳು ಕಡೆದು ಜೋಡಿಸಿಟ್ಟ ಕಂಬಗಳಂತೆ ಕಾಣುತ್ತವೆ. ಎದುರಿಗೆ ನಿಂತಾಗ ಹಾಗೆ ಅನಿಸುವುದಿಲ್ಲ. ಯಾರೂ ಇಷ್ಟು ಒತ್ತೊತ್ತಾಗಿ ಜೋಡಿಸಲಾರರು. ಒಂದು ಕಂಬಕ್ಕೂ ಇನ್ನೊಂದಕ್ಕೂ ನಡುವೆ ಬ್ಲೇಡು ತೂರಿಸುವಷ್ಟೇ ಜಾಗ. ಕೆಲವು ನನ್ನ ಮೊಣಕಾಲಿನಷ್ಟು ಎತ್ತರ, ಕೆಲವು ಆರು ಮೀಟರಿನವರೆಗೂ ಇವೆ. ಎಲ್ಲಕ್ಕೂ ಆರು ಮುಖ ಎಂದು ಪುಸ್ತಕಗಳು ಬರೆಯುತ್ತವೆ. ನಾನು ಕೂತು ಎಣಿಸಿದೆ. ಮೊದಲ ಹತ್ತರಲ್ಲಿ ಐದು ಮುಖದವು ಮೂರು, ಏಳು ಮುಖದ್ದು ಒಂದು. ಮಿಕ್ಕವು ಆರು. ಹನ್ನೆರಡು ಪುಟದ ನನ್ನ ಫೀಲ್ಡ್ ರಿಪೋರ್ಟಿನಲ್ಲಿ ಈ ಏಳು ಮುಖದ ಕಂಬ ಇರಲಿಲ್ಲ.

ಇವು ಹೇಗಾದವು? ನಮ್ಮೂರ ಕೆರೆ ಬೇಸಿಗೆಯಲ್ಲಿ ಒಣಗುವುದನ್ನು ನೆನಪು ಮಾಡಿಕೊಳ್ಳಿ. ಕೆಸರು ನೀರು ಕಳೆದುಕೊಂಡು ಕುಗ್ಗುತ್ತದೆ. ಕುಗ್ಗಿದಾಗ ಎಳೆತ ತಡೆಯಲಾರದೆ ಬಿರುಕು ಬಿಡುತ್ತದೆ. ಆ ಬಿರುಕುಗಳು ಕೂಡಿ ಬಿಲ್ಲೆಬಿಲ್ಲೆಯಾಗಿ ಕಾಣುತ್ತವೆ. ಇಲ್ಲಿ ಕೆಸರಿನ ಬದಲು ಉಕ್ಕಿ ಹರಿದ ಲಾವಾ. ಅದು ನೀರು ಕಳೆದುಕೊಳ್ಳುವ ಬದಲು ಶಾಖ ಕಳೆದುಕೊಂಡಿತು. ಮೇಲ್ಮೈ ಮೊದಲು ತಣ್ಣಗಾಗಿ ಬಿರುಕು ಬಿಟ್ಟಿತು. ತಂಪು ಒಳಗೆ ಇಳಿದ ಹಾಗೆ ಬಿರುಕೂ ಅದರ ಬೆನ್ನು ಹಿಡಿದು ಇಳಿಯಿತು. ಹಾಗಾಗಿ ಬಿಲ್ಲೆಗಳು ಉದ್ದಕ್ಕೆ ಬೆಳೆದು ಕಂಬಗಳಾದವು. ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ 120 ಡಿಗ್ರಿ ಕೋನದಲ್ಲಿ ಸೇರಿದಾಗ ಎಳೆತ ಎಲ್ಲ ಕಡೆಗೂ ಸಮವಾಗಿ ಸಡಿಲವಾಗುತ್ತದೆ. ಎಲ್ಲ ಮೂಲೆಗಳೂ ಹಾಗೇ ಸೇರಿದರೆ ಆರು ಮುಖ ಬರುತ್ತದೆ. ಪ್ರಕೃತಿ ಕೈವಾರ ಹಿಡಿದು ಕೂತಿರುವುದಿಲ್ಲವಾದ್ದರಿಂದ ಐದು, ಏಳು ಕೂಡ ನುಸುಳುತ್ತವೆ. ನಿಧಾನವಾಗಿ ತಣಿದರೆ ಕಂಬ ದಪ್ಪ, ಬೇಗ ತಣಿದರೆ ಸಣ್ಣ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿರುವ ಜಗತ್ಪ್ರಸಿದ್ಧ ಕಂಬಗಳೂ ಹೀಗೇ ಆದವು. ಅವುಗಳಿಗೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು.

ಇಲ್ಲಿ ಒಂದು ಜಗಳದ ಕಥೆ ಹೇಳಬೇಕು. ಕಳೆದ ವರ್ಷ ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಣಕು ಪರೀಕ್ಷೆ ಬರೆದಿದ್ದೆ. ‘ಸೇಂಟ್ ಮೇರೀಸ್ ದ್ವೀಪದ ಸ್ತಂಭಗಳು ಯಾವ ಶಿಲೆಯವು?’ ಎಂಬುದು ಒಂದು ಪ್ರಶ್ನೆ. ನಾನು ರಯೋಲೈಟ್ ಅನ್ನು ಗುರುತು ಹಾಕಿದೆ. ಕೀ ಉತ್ತರ ಬಸಾಲ್ಟ್. ಕೇಳಲು ಹೋದರೆ ಅಲ್ಲಿದ್ದವರು ಗೈಡ್ ತೆಗೆದು ತೋರಿಸಿದರು. ಹಲವು ಪುಸ್ತಕಗಳಲ್ಲಿ ಹಾಗೇ ಇದೆ, ನಿಜ. ಕಂಬ ಕಂಡ ಕೂಡಲೇ ಬಸಾಲ್ಟ್ ಅನ್ನುವುದು ಒಂದು ರೂಢಿ, ಯಾಕೆಂದರೆ ಜಗತ್ತಿನಲ್ಲಿ ಇಂಥ ಕಂಬಗಳು ಹೆಚ್ಚಾಗಿ ಆಗುವುದು ಬಸಾಲ್ಟಿನಲ್ಲೇ. ಆದರೆ ಬಸಾಲ್ಟಿನಲ್ಲಿ ಸಿಲಿಕಾ ಸುಮಾರು ಶೇ 50. ಈ ದ್ವೀಪದ ಕಲ್ಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಇದು ಡೇಸೈಟ್-ರಯೋಲೈಟ್ ಗುಂಪಿಗೆ ಸೇರಿದ್ದು. ಹಾಗೆಯೇ ಇದನ್ನು ದಖನ್ ಲಾವಾದ ತುಂಡು ಎಂದುಕೊಂಡವರೂ ಇದ್ದಾರೆ. ಅದೂ ಅಲ್ಲ. ದಖನ್ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಈ ದ್ವೀಪದ ಕಲ್ಲಿನ ವಯಸ್ಸು 8.5 ಕೋಟಿ ವರ್ಷಕ್ಕೂ ಹೆಚ್ಚು. ಅಷ್ಟು ವ್ಯತ್ಯಾಸದಲ್ಲಿ ಹಿಮಾಲಯವನ್ನೇ ಎಬ್ಬಿಸಿ ನಿಲ್ಲಿಸಬಹುದು.

ಆ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದ್ದದ್ದು ಮಡಗಾಸ್ಕರ್. ಎರಡೂ ಬೇರೆಯಾಗುವ ಹೊತ್ತಿಗೆ ಭೂಮಿಯ ಒಳಗಿನಿಂದ ಶಿಲಾರಸ ಉಕ್ಕಿತು. ಅದೇ ಆಸುಪಾಸಿನ ವಯಸ್ಸಿನ ಲಾವಾ ಮಡಗಾಸ್ಕರ್‌ನಲ್ಲೂ ಹರಡಿಕೊಂಡಿದೆ. ಈಗ ಇಲ್ಲಿಂದ ಅಲ್ಲಿಗೆ ಸುಮಾರು 4,000 ಕಿಲೊಮೀಟರ್ ಸಮುದ್ರ. ಪಾಲುಪಟ್ಟಿ ಆಗಿ ಅಣ್ಣತಮ್ಮಂದಿರು ದೂರವಾದ ಮೇಲೆ ಹಳೆಯ ಮನೆಯಲ್ಲಿ ಉಳಿದ ಅರ್ಧ ಗೋಡೆ ಇದ್ದ ಹಾಗೆ ಈ ಕಂಬಗಳು. ನನ್ನ ಅಂಗೈಯನ್ನು ಒಂದು ಕಂಬದ ಮೇಲಿಟ್ಟೆ. ಬಿಸಿಲಿಗೆ ಕಾದು ಸುಡುತ್ತಿತ್ತು.

ಆ ಒಂದು ಅಂಕ ನನಗೆ ಸಿಗಲಿಲ್ಲ. ಮುಂದೆ ನಿಜವಾದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದರೆ ಏನು ಬರೆಯಬೇಕೆಂದು ಈಗಲೂ ಯೋಚಿಸುತ್ತೇನೆ. ಅಂಕ ಬೇಕಾದವರು ಬಸಾಲ್ಟ್ ಅನ್ನಿ ಎಂದು ಗೆಳತಿಯೊಬ್ಬಳು ಹೇಳುತ್ತಾಳೆ. ಅವಳಿಗೆ ಕೆಲಸ ಸಿಕ್ಕಿದೆ!

ಅಂದ ಹಾಗೆ, ಪರೀಕ್ಷೆಗೆ ಓದುವವರಿಗೆ ಇನ್ನೊಂದು ವಿಷಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ನಾಲ್ಕು ಕರ್ನಾಟಕದಲ್ಲಿವೆ. ಇದು ಒಂದು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇನ್ನೊಂದು, ಅದರ ವಯಸ್ಸು 300 ಕೋಟಿ ವರ್ಷದ ಆಸುಪಾಸು. ವಾಕಿಂಗ್ ಬಂದವರು ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾರೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬುಗಳಂತೆ ಗಟ್ಟಿಯಾದ ಲಾವಾ ಇದೆ. ಕೋಲಾರದ ಕಡೆಯ ಪೆದ್ದಪಲ್ಲಿಯದು ನಾಲ್ಕನೆಯದು. ಅದನ್ನು ನಾನಿನ್ನೂ ನೋಡಿಲ್ಲ.

ದ್ವೀಪದ ಎತ್ತರದ ಭಾಗಕ್ಕೆ ಹತ್ತಲು ಐದು ನಿಮಿಷವೂ ಬೇಡ. ಹತ್ತುತ್ತಿದ್ದಾಗ ಸೀಟಿ ಕೇಳಿಸಿತು. ಒಂದಲ್ಲ, ಬಿಟ್ಟೂ ಬಿಡದೆ. ದೋಣಿಯಲ್ಲಿ ಜೊತೆಗೆ ಬಂದಿದ್ದ ಆ ನಾಲ್ವರು ಹುಡುಗರು ಎಚ್ಚರಿಕೆಯ ಫಲಕ ದಾಟಿ, ನೀರಿನ ಅಂಚಿನ ಕಂಬಗಳ ಮೇಲೆ ನಿಂತಿದ್ದರು. ಒಬ್ಬ ಸಮುದ್ರಕ್ಕೆ ಬೆನ್ನು ಹಾಕಿದ್ದಾನೆ, ಇನ್ನೊಬ್ಬ ಮೊಬೈಲ್ ಎತ್ತಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾನೆ. ಜೀವರಕ್ಷಕ ಓಡುತ್ತಾ ಬಂದರು. ಐವತ್ತರ ಆಸುಪಾಸಿನವರು, ಮೈ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು.

‘ಎಂತ ಮಾರ್ರೆ ನೀವು, ಬೋರ್ಡು ಓದ್ಲಿಕ್ಕೆ ಬರುದಿಲ್ವಾ? ಈಚೆ ಬನ್ನಿ, ಈಚೆ ಬನ್ನಿ!’

‘ಅಲೆ ಇಲ್ಲಿವರೆಗೂ ಬರ್ತಿಲ್ವಲ್ಲ ಅಂಕಲ್, ಆಗ್ಲಿಂದ ನೋಡ್ತಿದ್ದೀವಿ’ ಅಂದ ಒಬ್ಬ.

ಅವರು ಮಾತಾಡದೆ ಹುಡುಗನ ತೋಳು ಹಿಡಿದು ಈಚೆ ಎಳೆದುಕೊಂಡರು. ಆಮೇಲೆ ಕೈ ತೋರಿಸಿದರು. ಆ ಹುಡುಗ ನಿಂತಿದ್ದ ಕಂಬದ ತಲೆ ಒದ್ದೆಯಾಗಿತ್ತು. ಅಂಚಿಗೆ ಹಸಿರು ಪಾಚಿ. ‘ಅಲೆ ಬರುದಿಲ್ಲ ಅಂದ್ರೆ ಇದು ಒದ್ದೆ ಹೇಗೆ ಆಯ್ತು? ಹತ್ತು ಅಲೆ ಸಣ್ಣದು ಬರ್ತದೆ, ಹನ್ನೊಂದನೇದು ನಿಮ್ಮನ್ನು ಕೇಳಿ ಬರುದಿಲ್ಲ.’

2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಸಮುದ್ರಪಾಲಾದರು. ಪೇಪರಿನಲ್ಲಿ ಓದಿದ್ದು ನನಗೆ ನೆನಪಿತ್ತು. ಅವರಿಗೆ ಹೇಳಿದೆ. ಹುಡುಗರು ಸುಮ್ಮನಾದರು. ಮೊಬೈಲ್ ಹಿಡಿದಿದ್ದವನು ಮಾತ್ರ ಮುಖ ಸಣ್ಣದು ಮಾಡಿಕೊಂಡು, ‘ಒಂದೇ ಒಂದು ಫೋಟೊ ಅಲ್ವಾ ಮೇಡಂ’ ಅಂದ.

ಬಯಲುಸೀಮೆಯ ನಮಗೆ ನೀರು ಅಂದರೆ ಕೆರೆ, ಕಾಲುವೆ, ಹೆಚ್ಚೆಂದರೆ ಕಾವೇರಿ. ನದಿಯ ಸುಳಿ ಎಲ್ಲಿದೆ ಎಂದು ಊರಿನವರು ಹೇಳಿಕೊಡುತ್ತಾರೆ. ಸಮುದ್ರದ ಬಗ್ಗೆ ನಮಗೆ ಹೇಳಿಕೊಟ್ಟವರು ರೀಲ್ಸ್ ಮಾಡುವವರು. ಈ ಕಂಬಗಳ ತಲೆ ಚಪ್ಪಟೆ, ನಿಲ್ಲಲು ಮೆಟ್ಟಿಲಿನ ಹಾಗೆ ಅನುಕೂಲ. ಅದೇ ಮೋಸ. ಪಾಚಿ ಕಟ್ಟಿದ ಕಂಬದ ಮೇಲೆ ಕಾಲು ಜಾರಿದರೆ ಬೀಳುವುದು ಮರಳಿಗಲ್ಲ, ಎರಡು ಕಂಬಗಳ ನಡುವೆ ನೊರೆಯೇಳುವ ನೀರಿಗೆ. ಅಲ್ಲಿಗೆ ಈಜು ಬಂದವರೂ ಒಂದೇ, ಬಾರದವರೂ ಒಂದೇ ಎಂದು ಆ ಜೀವರಕ್ಷಕರು ಹೇಳಿದರು.

ಅವರು ಹುಡುಗರನ್ನು ಎತ್ತರದ ಕಡೆಗೆ ಅಟ್ಟಿದರು. ಹಾಗಾಗಿ ಗುಡ್ಡದ ತಲೆಯ ಮೇಲೆ ನಾವು ಐದೂ ಜನ ಸೇರಿದೆವು. ‘ಮೇಡಂ, ಇದನ್ನ ಯಾರು ಕೆತ್ತಿದ್ದು?’ ಎಂದು ಕೇಳಿದ್ದು ಅದೇ ಮೊಬೈಲ್ ಹುಡುಗ. ಕೆರೆಯ ಕೆಸರಿನಿಂದ ಶುರು ಮಾಡಿ ಮಡಗಾಸ್ಕರ್‌ವರೆಗೆ ಹೇಳಿದೆ. ಖಾಲಿ ಬೆಂಚುಗಳ ಮುಂದೆ ಮಾನ್ಸೂನ್ ಬಗ್ಗೆ ಹೇಳುವಾಗ ಒಣಗಿಹೋಗಿದ್ದ ಗಂಟಲು ಇಲ್ಲಿ ಒಣಗಲಿಲ್ಲ. ಒಬ್ಬ ಅರ್ಧಕ್ಕೇ ಎದ್ದು ಹೋಗಿ ಎಳನೀರು ಸಿಗುತ್ತದೆಯೇ ಎಂದು ನೋಡಿ ಬಂದ. ಇಬ್ಬರು ನಿಜವಾಗಿ ಕೇಳಿಸಿಕೊಂಡರು. ಕಂಬಗಳ ಮುಖ ಎಣಿಸಿ ಎಂದೆ. ‘ಮೇಡಂ, ಇಲ್ಲೊಂದು ನಾಲ್ಕೇ ಇದೆ!’ ಎಂದು ಒಬ್ಬ ಕೂಗಿದ. ಹೋಗಿ ನೋಡಿದೆ. ಇತ್ತು. ನನಗೆ ಸಿಕ್ಕಿರಲಿಲ್ಲ.

‘ಇದನ್ನ ಓದಿದ್ರೆ ಕೆಲಸ ಸಿಗುತ್ತಾ ಮೇಡಂ?’

ಬಿಸಿಎ ಎರಡನೇ ವರ್ಷದ ಹುಡುಗ. ಕುಹಕ ಇರಲಿಲ್ಲ, ಅವನಿಗೆ ಉತ್ತರ ಬೇಕಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯುಪಿಎಸ್‌ಸಿ ವರ್ಷಕ್ಕೊಂದು ಸಲ ಪರೀಕ್ಷೆ ಮಾಡುತ್ತದೆ. ಪ್ರಿಲಿಮ್ಸ್, ಮೇನ್ಸ್, ಸಂದರ್ಶನ, ಮೂರು ಮೆಟ್ಟಿಲು. ಮೀಸಲಾತಿ ಇಲ್ಲದವರಿಗೆ ವಯಸ್ಸಿನ ಮಿತಿ 32. ಹುದ್ದೆಗಳು ಕಡಿಮೆ. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಅರ್ಜಿ ಕರೆದಾಗ ಕರೆದ ಹಾಗೆ. ಅಂತರ್ಜಲ ಹುಡುಕುವ, ಗಣಿಗಳಿಗೆ ಸಲಹೆ ಕೊಡುವ ಖಾಸಗಿ ಕಂಪನಿಗಳಲ್ಲಿ ಕೆಲಸ ಇದೆ, ಊರೂರು ಅಲೆಯಬೇಕು, ಹುಡುಗಿಯರನ್ನು ತೆಗೆದುಕೊಳ್ಳಲು ಕೆಲವರು ಈಗಲೂ ಹಿಂದೆಮುಂದೆ ನೋಡುತ್ತಾರೆ. ನನಗೆ ಇನ್ನೂ ಸಿಕ್ಕಿಲ್ಲ, ಇವತ್ತು ಬೆಳಿಗ್ಗೆ ಒಂದು ಸಂದರ್ಶನ ಮುಗಿಸಿ ಬಂದಿದ್ದೇನೆ ಎಂದೂ ಹೇಳಿದೆ. ಅವನು ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ನೋಡಿದ.

‘ಒರಿಜಿನಲ್ಸಾ ಮೇಡಂ? ಇಲ್ಲಿಗ್ಯಾಕೆ ತಂದ್ರಿ?’

‘ಎಲ್ಲೂ ಇಡೋಕೆ ಧೈರ್ಯ ಬರ್ಲಿಲ್ಲ.’

ಅವನ ಅಕ್ಕನ ಕಥೆ ಹೇಳಿದ. ನರ್ಸಿಂಗ್ ಮುಗಿಸಿದವಳು ಒಂದು ಖಾಸಗಿ ಆಸ್ಪತ್ರೆಗೆ ಸೇರುವಾಗ ಮೂಲ ಪ್ರಮಾಣಪತ್ರ ಕೊಟ್ಟಳಂತೆ. ಬೇರೆ ಕಡೆ ಸರ್ಕಾರಿ ಕೆಲಸದ ಪಟ್ಟಿಯಲ್ಲಿ ಹೆಸರು ಬಂದಾಗ ವಾಪಸ್ ಕೇಳಿದರೆ ಬಾಂಡಿನ ಹಣ ಕಟ್ಟು ಅಂದರಂತೆ. ಅಪ್ಪ ಸಾಲ ಮಾಡಿ ಕಟ್ಟಿ ಬಿಡಿಸಿಕೊಂಡು ಬರುವಷ್ಟರಲ್ಲಿ ಪರಿಶೀಲನೆಯ ದಿನ ಮುಗಿದಿತ್ತಂತೆ. ಇದನ್ನು ಅವನು ಹೇಳಿದ್ದು ಸಮುದ್ರ ನೋಡುತ್ತಾ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ಕೆಳಗೆ ದೋಣಿಯವರು ಕೂಗುತ್ತಿದ್ದರು. ಕೊನೆಯ ದೋಣಿಗೆ ಕಾಯಬೇಡಿ, ಗಾಳಿ ಏಳುತ್ತಿದೆ ಎಂದು.

ಇಳಿಯುವಾಗ ಹುಬ್ಬಳ್ಳಿಯ ಕುಟುಂಬದ ಅಜ್ಜಿಯೊಬ್ಬರು ಒಂದು ಚೂರು ಕಲ್ಲನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ದೇವರ ಮನೆಯಲ್ಲಿಡಲಂತೆ. ಸ್ಮಾರಕದ ಕಲ್ಲು ಅಜ್ಜಿ, ಒಯ್ಯಬಾರದು ಎಂದೆ. ‘ಆರು ಮೂಲಿ ಐತಿ ನೋಡವ್ವಾ, ದೇವ್ರು ಮಾಡಿದ್ದು’ ಅಂದರು. ನಾಲ್ಕು ಚಿಪ್ಪು ಆರಿಸಿ ಅವರ ಕೈಗೆ ಕೊಟ್ಟೆ. ಕಲ್ಲು ಅಲ್ಲೇ ಉಳಿಯಿತು ಎಂದುಕೊಂಡಿದ್ದೇನೆ.

ಬೆಳಿಗ್ಗೆ ಮನೆ ತಲುಪಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. 14 ಸಾವಿರ ಎಂದಾಗ ಹೊಲಿಗೆ ಯಂತ್ರ ನಿಂತಿತು. ಅಂಕಪಟ್ಟಿಯ ವಿಷಯ ಹೇಳಿದಾಗ ಮತ್ತೆ ಶುರುವಾಯಿತು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಮಧ್ಯಾಹ್ನ ಊಟಕ್ಕೆ ಬಡಿಸುವಾಗ, ‘ನಿಮ್ಮಪ್ಪ ಆ ಫೀಸೆಲ್ಲ ಕಟ್ಟಿದ್ದು ಇನ್ನೊಬ್ಬರ ಬೀರುವಿನಲ್ಲಿ ಇಡೋಕಲ್ಲ’ ಅಂದಳು. ಅಷ್ಟೇ. ತಮ್ಮನ ಕಾಲೇಜು ಫೀಸಿನ ಬಗ್ಗೆ ಇಬ್ಬರೂ ಎತ್ತಲಿಲ್ಲ.

ಸೋಮವಾರ ಕಾಲೇಜಿಗೆ ಫೋನ್ ಮಾಡಿದೆ. ಜೆರಾಕ್ಸ್ ಪ್ರತಿಗೆ ದೃಢೀಕರಣ ಮಾಡಿಸಿ ಕೊಡುತ್ತೇನೆ, ಎರಡು ವರ್ಷ ಇರುತ್ತೇನೆಂದು ಬರೆದೂ ಕೊಡುತ್ತೇನೆ, ಮೂಲ ಪ್ರತಿ ಮಾತ್ರ ಕೊಡುವುದಿಲ್ಲ ಎಂದೆ. ‘ನಿಯಮ ಎಲ್ಲರಿಗೂ ಒಂದೇ’ ಅಂದರು. ಹಾಗಾದರೆ ಬರುವುದಿಲ್ಲ ಎಂದೆ. ‘ಆಗಲಿ ಮೇಡಂ’ ಎಂದು ಫೋನ್ ಇಟ್ಟರು. ಒಂದು ನಿಮಿಷ ಎಂಟು ಸೆಕೆಂಡಿನ ಕರೆ.

ಆ ವಾರವೇ ನಂಜುಮಳಿಗೆಯ ಅಂಗಡಿಯಿಂದ ಅರ್ಧ ಕೆ.ಜಿ. ಕಾರ್ನ್‌ಫ್ಲೋರ್ ತಂದೆ. ಸಮಪ್ರಮಾಣದ ನೀರಿನಲ್ಲಿ ಕಲಸಿ, ಅಮ್ಮನ ಹಳೆಯ ಸ್ಟೀಲ್ ಡಬ್ಬಿಗೆ ಸುರಿದೆ. ಮೇಲೆ ಒಂದು ಹಳೇ ಕಾಲದ ಬಿಸಿಯಾಗುವ ಬಲ್ಬು ಉರಿಸಿಟ್ಟೆ. ಲಾವಾ ಶಾಖ ಕಳೆದುಕೊಂಡಂತೆ ಈ ಹಿಟ್ಟು ನೀರು ಕಳೆದುಕೊಳ್ಳುತ್ತಾ ಮೇಲಿನಿಂದ ಕೆಳಕ್ಕೆ ಬಿರುಕು ಬಿಡುತ್ತದೆ. ಭೌತವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಂಬಗಳ ಗುಟ್ಟು ಹುಡುಕಿದ್ದೂ ಇದೇ ಹಿಟ್ಟಿನಿಂದ. ‘ಕರೆಂಟ್ ಬಿಲ್ ನಿಮ್ಮ ಮಡಗಾಸ್ಕರ್ ಕಟ್ಟುತ್ತಾ?’ ಎಂದು ಅಮ್ಮ ದಿನಕ್ಕೆರಡು ಸಲ ಕೇಳಿದಳು. ಮೇಲ್ಮೈ ಒಣಗಿ ದೊಡ್ಡ ದೊಡ್ಡ ಬಿರುಕು ಬಿಟ್ಟಿತು, ಟ್ಯೂಷನ್ ಮಕ್ಕಳು ‘ಇಷ್ಟೇನಾ ಮಿಸ್?’ ಎಂದು ಮೂಗು ಮುರಿದರು. ಇನ್ನೂ ಕಾಯಿರಿ ಎಂದೆ. ಏಳನೇ ದಿನ ಡಬ್ಬಿ ಮಗುಚಿದೆವು. ಗಟ್ಟಿ ಬಿಲ್ಲೆಯನ್ನು ಎಂಟನೇ ತರಗತಿಯ ಹುಡುಗಿ ಎರಡು ಹೋಳು ಮಾಡಿದಳು. ಒಳಗೆ, ಬೆಂಕಿಕಡ್ಡಿಗಳನ್ನು ಒತ್ತಿ ಕಟ್ಟಿದ ಹಾಗೆ, ಬಿಳಿ ಕಂಬಗಳ ಸಾಲು. ಏಳೂ ಮಕ್ಕಳು ಡಬ್ಬಿಯ ಮೇಲೆ ತಲೆ ಬಗ್ಗಿಸಿದರು. ಯಾವ ಕಂಬಕ್ಕೆ ಎಷ್ಟು ಮುಖ ಎಂದು ಎಣಿಸುವುದರಲ್ಲಿ ಅವತ್ತಿನ ಗಣಿತ ಪಾಠ ಹೋಯಿತು.